ಕಡಲು ಇಳಿಯುವ ಹೊತ್ತಿಗೆ ಒಲೆ ಉರಿಯುತ್ತಿರಬೇಕು

ಆ ರಾತ್ರಿ ನಾನು ಫ್ರಾನ್ಸಿನ ಮೋಂ ಸ್ಯಾಂ ಮಿಶೆಲ್ ಗುಡ್ಡದ ಎದುರಿನ ದಡ ಮುಟ್ಟುವಾಗ ಗಂಟೆ ಹತ್ತರ ಹತ್ತಿರ. ಹೊಟ್ಟೆಯಲ್ಲಿ ಬೆಳಗ್ಗೆ ತಿಂದ ಬ್ರೆಡ್ಡು ಬಿಟ್ಟರೆ ಏನೂ ಇರಲಿಲ್ಲ. ರೈಲು ತಡವಾಗಿ, ಬಸ್ಸು ತಪ್ಪಿ, ಕೊನೆಗೆ ಪೊಂತೋರ್ಸೋಂ ಅನ್ನುವ ಸಣ್ಣ ಊರಿನಿಂದ ಟ್ಯಾಕ್ಸಿ ಹಿಡಿದು ಬಂದಿದ್ದೆ. ದೂರದಲ್ಲಿ, ಕತ್ತಲೆಯ ನಡುವೆ, ಗುಡ್ಡ ದೀಪ ಹಚ್ಚಿಕೊಂಡು ನಿಂತಿತ್ತು. ತುದಿಯಲ್ಲಿ ಮಠ, ಅದರ ಕೆಳಗೆ ಊರು, ಸುತ್ತ ಕೋಟೆಗೋಡೆ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹಸಿದವನಿಗೆ ಚೆಂದ ಎಷ್ಟು ಹೊತ್ತು ಕಾಣುತ್ತದೆ?

ನಾನು ಇಳಿದುಕೊಂಡ ಕಡೆ ಅಡುಗೆಮನೆ ಮುಚ್ಚಿಯಾಗಿತ್ತು. ಅಕ್ಕಪಕ್ಕದಲ್ಲೂ ಅದೇ ಕತೆ. ಕೌಂಟರಿನಲ್ಲಿದ್ದ ಹುಡುಗ ಎರಡೂ ಕೈ ಚೆಲ್ಲಿದ. ನನ್ನ ಮುಖ ನೋಡಿ ಅವನಿಗೇ ಪಾಪ ಅನ್ನಿಸಿರಬೇಕು. ಒಳಗೆ ಹೋಗಿ ಒಂದು ಬಿಸ್ಕತ್ತಿನ ಪೊಟ್ಟಣ ತಂದುಕೊಟ್ಟ, ದುಡ್ಡು ಬೇಡ ಅಂದ. ಬೆಣ್ಣೆ ಬಿಸ್ಕತ್ತು. ಮಂಚದ ಅಂಚಿನಲ್ಲಿ ಕೂತು, ನಲ್ಲಿ ನೀರಿನ ಜೊತೆ ಮುಕ್ಕಾಲು ಪೊಟ್ಟಣ ಖಾಲಿ ಮಾಡಿದ ಮೇಲೆ ಅದರ ಮೇಲಿದ್ದ ಹೆಸರು ಓದಿದೆ. ಲಾ ಮೇರ್ ಪುಲಾರ್. ಅಂದರೆ ಪುಲಾರ್ ಅಮ್ಮ.

ನಗು ಬಂತು. ಮಾರನೇ ದಿನ ನಾನು ನೋಡಬೇಕು ಅಂತ ಬಂದಿದ್ದದ್ದೇ ಆ ಅಮ್ಮನ ಹೋಟೆಲನ್ನು. ಹೊತ್ತಲ್ಲದ ಹೊತ್ತಿನಲ್ಲಿ ಹಸಿದು ಬಂದವರ ಮುಂದೆ ಕೂಡಲೇ ಒಂದು ತಟ್ಟೆ ಇಡಬೇಕು ಅಂತಲೇ ಹೆಸರು ಮಾಡಿದವಳು ಆಕೆ.

ಮಠ ನೋಡುವುದು ಬಿಟ್ಟು ಹೋಟೆಲ್ ನೋಡಲು ಅಷ್ಟು ದೂರ ಯಾಕೆ ಹೋದೆ ಅಂತ ಕೇಳಬಹುದು. ನಮ್ಮದು ಹೋಟೆಲಿನವರ ಮನೆ. ಕುಂದಾಪುರದ ಕಡೆಯಿಂದ ಘಾಟಿ ಹತ್ತಿ ಹೋಗಿ ತೀರ್ಥಹಳ್ಳಿಯಲ್ಲಿ ಹೋಟೆಲ್ ಇಟ್ಟವರು ನನ್ನ ದೊಡ್ಡಪ್ಪ. ಹೋಟೆಲ್ ಅಂದರೆ ನಮ್ಮಲ್ಲಿ ಇಡ್ಲಿ, ಬನ್ಸ್, ಕಾಫಿ ಸಿಗುವ ಜಾಗ. ಮಲಗುವ ಜಾಗಕ್ಕೆ ಲಾಡ್ಜು ಅನ್ನುತ್ತೇವೆ. ಫ್ರಾನ್ಸಿನವರು ಮಲಗುವ ಜಾಗಕ್ಕೆ ಹೋಟೆಲ್ ಅನ್ನುತ್ತಾರೆ. ಆದರೆ ಪುಲಾರ್ ಅಮ್ಮನ ಹೋಟೆಲಿನ ಮಟ್ಟಿಗೆ ನಮ್ಮ ಅರ್ಥವೇ ಸರಿ. ಅದಕ್ಕೆ ಹೆಸರು ತಂದದ್ದು ಹಾಸಿಗೆಯಲ್ಲ, ಒಲೆ.

ಊರಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾರ್ಮಂಡಿಯ ಕರಾವಳಿಯಲ್ಲಿ, ಒಂದು ದೊಡ್ಡ ಕೊಲ್ಲಿಯ ನಡುವೆ ಇರುವ ಒಂಟಿ ಬಂಡೆ ಅದು. 708ರಲ್ಲಿ ಅವ್ರಾಂಶ್ ಊರಿನ ಬಿಷಪ್ ಓಬೇರ್ ಅಲ್ಲಿ ದೇವದೂತ ಮಿಶೆಲನಿಗೆ ಒಂದು ಗುಡಿ ಕಟ್ಟಿಸಿದರು ಅಂತ ಹೇಳುತ್ತಾರೆ. ದೇವದೂತ ಕನಸಿನಲ್ಲಿ ಮೂರು ಸಲ ಬಂದು ಕೇಳಿಕೊಂಡನಂತೆ. ಮೂರನೇ ಸಲ ತಾಳ್ಮೆ ತಪ್ಪಿ ಬಿಷಪ್‌ರ ತಲೆಗೆ ಬೆರಳಲ್ಲಿ ತಿವಿದನಂತೆ. ತೂತಿರುವ ಒಂದು ತಲೆಬುರುಡೆಯನ್ನು ಅವ್ರಾಂಶ್‌ನ ಚರ್ಚಿನಲ್ಲಿ ಇವತ್ತಿಗೂ ಇಟ್ಟಿದ್ದಾರೆ. 966ರಲ್ಲಿ ಬೆನೆಡಿಕ್ಟಿನ್ ಸನ್ಯಾಸಿಗಳು ಬಂದರು. ಮಠ ಬೆಳೆಯಿತು. ಅದರ ಕಾಲಬುಡದಲ್ಲಿ ಊರೂ ಬೆಳೆಯಿತು. ಊರು ಅಂದರೆ ಒಂದೇ ಬೀದಿ. ಹೆಸರು ಮಾತ್ರ ದೊಡ್ಡ ಬೀದಿ, ಅಗಲ ನಮ್ಮ ಹಳೇ ಅಗ್ರಹಾರದ ಓಣಿಯಷ್ಟು. ಕೋಟೆಬಾಗಿಲಿನಿಂದ ಶುರುವಾಗಿ, ತಿರುಗಿ ತಿರುಗಿ ಮೇಲಕ್ಕೆ ಏರಿ, ಮಠದ ಮೆಟ್ಟಿಲಿಗೆ ಹೋಗಿ ನಿಲ್ಲುತ್ತದೆ.

ಆ ಬೀದಿಯಲ್ಲಿ ಮೊದಲಿನಿಂದಲೂ ನಡೆದದ್ದು ಒಂದೇ ವ್ಯಾಪಾರ: ಬಂದವರಿಗೆ ಊಟ ಹಾಕುವುದು, ಮಲಗಿಸುವುದು, ಏನಾದರೂ ಮಾರಿ ಕಳಿಸುವುದು. ಮಧ್ಯಯುಗದ ಯಾತ್ರಿಕರು ಇಲ್ಲಿಂದ ಸೀಸದ ಸಣ್ಣ ಬಿಲ್ಲೆಗಳನ್ನು ಕೊಂಡು ಟೋಪಿಗೋ ಅಂಗಿಗೋ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಈಗ ಅದೇ ಬೀದಿಯಲ್ಲಿ ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಮಾರುತ್ತಾರೆ. 'ಅಯ್ಯೋ, ಎಲ್ಲ ವ್ಯಾಪಾರ ಆಗಿಹೋಯ್ತು' ಅಂತ ಗೊಣಗುವ ಪ್ರವಾಸಿಗರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಯಾವಾಗ ಆಗಿರಲಿಲ್ಲ ಹೇಳಿ?

ಆದರೆ ಆ ಊರನ್ನು ನಿಜವಾಗಿ ಆಳುವುದು ಮಠವೂ ಅಲ್ಲ, ವ್ಯಾಪಾರವೂ ಅಲ್ಲ. ಭರತ ಇಳಿತ. ಯುರೋಪಿನಲ್ಲೇ ಅತಿ ದೊಡ್ಡ ಏರಿಳಿತಗಳಲ್ಲಿ ಒಂದು ಇಲ್ಲಿಯದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು 14 ಮೀಟರಿನ ತನಕ ಏರುತ್ತದೆ. ಅಂದರೆ ನಾಲ್ಕು ಮಹಡಿ ಕಟ್ಟಡದಷ್ಟು. ಇಳಿಯುವಾಗ ಕಡಲು ಕಣ್ಣಿಗೇ ಕಾಣದಷ್ಟು ದೂರ ಹೋಗುತ್ತದೆ. ಉಳಿಯುವುದು ಬೂದಿ ಬಣ್ಣದ ಒದ್ದೆ ಮರಳು. ಆ ಮರಳಿನಲ್ಲಿ ಕಾಲು ಹೂತು ಹೋಗುವ ಜಾಗಗಳಿವೆ, ಮಂಜು ಕವಿದರೆ ದಿಕ್ಕು ತಪ್ಪುತ್ತದೆ, ಅಷ್ಟರಲ್ಲಿ ನೀರು ಹಿಂದೆ ಬಂದರೆ ಮುಗಿಯಿತು. ದಾರಿ ಗೊತ್ತಿದ್ದ ಸ್ಥಳೀಯರನ್ನು ಮುಂದೆ ಬಿಟ್ಟುಕೊಂಡೇ ಜನ ಮರಳು ದಾಟುತ್ತಿದ್ದರು.

ಈಗ ಹೋಟೆಲಿನವನ ಕಣ್ಣಿನಿಂದ ನೋಡಿ. ನಿಮ್ಮ ಗಿರಾಕಿ ಯಾವಾಗ ಬರುತ್ತಾನೆ? ಅವನಿಗೆ ಹಸಿವಾದಾಗ ಅಲ್ಲ. ನಿಮ್ಮ ಊಟ ರೆಡಿ ಆದಾಗಲೂ ಅಲ್ಲ. ಕಡಲು ಇಳಿದಾಗ. ಆ ಹೊತ್ತು ದಿನಾ ಸುಮಾರು ಮುಕ್ಕಾಲು ಗಂಟೆ ಮುಂದಕ್ಕೆ ಜಾರುತ್ತಾ ಹೋಗುತ್ತದೆ. ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ, ನಾಲ್ಕು ದಿನ ಬಿಟ್ಟು ಮೂರಕ್ಕೆ. ಬಂದವರು ಮೊಣಕಾಲ ತನಕ ಕೆಸರಾಗಿ, ಗಾಳಿಗೆ ನಡುಗುತ್ತಾ ಬರುತ್ತಾರೆ. ಮತ್ತೆ ನೀರು ಏರುವ ಮೊದಲು ಮಠ ನೋಡಿ ವಾಪಸ್ ಹೋಗುವ ಆತುರ ಬೇರೆ. ಕುರಿಮಾಂಸ ಬೇಯುವ ತನಕ, ಕೋಳಿ ಸುಡುವ ತನಕ ಕೂರಿ ಅಂದರೆ ಯಾರು ಕೂರುತ್ತಾರೆ?

ಆನೆಟ್ ಬೂತಿಯೋ ಹುಟ್ಟಿದ್ದು 1851ರಲ್ಲಿ, ನೆವೇರ್ ಅನ್ನುವ ಊರಿನಲ್ಲಿ. ಅದು ಫ್ರಾನ್ಸಿನ ನಡುಭಾಗ, ಕಡಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಎದುವಾರ್ ಕೊರ್ವಾಯೆ ಅನ್ನುವ ವಾಸ್ತುಶಿಲ್ಪಿಯ ಮನೆಯಲ್ಲಿ ಕೆಲಸಕ್ಕೆ ಸೇರಿದಳು. 1872ರಲ್ಲಿ ಸರ್ಕಾರ ಕೊರ್ವಾಯೆಯವರಿಗೆ ಮೋಂ ಸ್ಯಾಂ ಮಿಶೆಲ್ ಮಠದ ರಿಪೇರಿ ಕೆಲಸ ಒಪ್ಪಿಸಿತು. ರಿಪೇರಿ ಬೇಕೇ ಬೇಕಿತ್ತು. ಫ್ರೆಂಚ್ ಕ್ರಾಂತಿಯ ಕಾಲದಿಂದ 1863ರವರೆಗೆ ಆ ಮಠ ಜೈಲಾಗಿತ್ತು. ದೇವರ ಜಾಗದಲ್ಲಿ ಕೈದಿಗಳನ್ನು ಕೂಡಿ ಹಾಕಿ, ಅವರಿಂದ ಟೋಪಿ ಹೆಣೆಸುತ್ತಿದ್ದರು. ಜೈಲು ಮುಚ್ಚಿದಾಗ ಊರಿನವರಿಗೆ ಖುಷಿಯೇನೂ ಆಗಿರಲಾರದು. ಕಾವಲಿನವರು ಹೋದರು, ಕೈದಿಗಳನ್ನು ನೋಡಲು ಬರುವ ನೆಂಟರು ನಿಂತರು. ಬೀದಿಯ ಹೋಟೆಲುಗಳಿಗೆ ಅನ್ನ ಹಾಕುತ್ತಿದ್ದದ್ದೇ ಆ ಜನ.

ಹಾಗೆ ಖಾಲಿ ಹೊಡೆಯುತ್ತಿದ್ದ ಊರಿಗೆ ಯಜಮಾನರ ಮನೆಯವರ ಜೊತೆ ಬಂದ ಕೆಲಸದ ಹುಡುಗಿ ಈಕೆ. ಊರಿನ ಬೇಕರಿಯವನ ಮಗ ವಿಕ್ಟರ್ ಪುಲಾರ್‌ನನ್ನು ಅಲ್ಲೇ ಕಂಡಳು. 1873ರಲ್ಲಿ ಮದುವೆ. ಆಮೇಲೆ ಇಬ್ಬರೂ ಸೇರಿ 'ತೆತ್ ದೋರ್' ಅನ್ನುವ ಹಳೇ ಹೋಟೆಲನ್ನು ನಡೆಸಲು ವಹಿಸಿಕೊಂಡರು. ತೆತ್ ದೋರ್ ಅಂದರೆ ಚಿನ್ನದ ತಲೆ.

ಆಮ್ಲೆಟ್ಟಿನ ಕತೆ ಶುರುವಾಗುವುದು ಇಲ್ಲಿಂದ. ಆನೆಟ್ ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಮೊಟ್ಟೆ, ಬೆಣ್ಣೆ, ಬೆಂಕಿ. ಮೂರೂ ನಾರ್ಮಂಡಿಯ ಯಾವ ಮನೆಯಲ್ಲೂ ಇದ್ದದ್ದೇ. ಆಕೆ ಯೋಚಿಸಿದ್ದು ಹೊತ್ತಿನ ಲೆಕ್ಕವನ್ನು. ದೊಡ್ಡ ಒಲೆಯಲ್ಲಿ ಸೌದೆ ಸದಾ ಉರಿಯುತ್ತಿರಬೇಕು. ತಾಮ್ರದ ಪಾತ್ರೆ, ಮೊಟ್ಟೆಯ ಬುಟ್ಟಿ ಕೈಗೆಟುಕುವ ಹಾಗಿರಬೇಕು. ಗಿರಾಕಿ ಬಾಗಿಲಲ್ಲಿ ಕಂಡ ಕೂಡಲೇ ಮೊಟ್ಟೆ ಒಡೆಯಬೇಕು. ಅವನು ಬೂಟು ಬಿಚ್ಚಿ ಬೆಂಚಿನ ಮೇಲೆ ಕೂರುವುದರೊಳಗೆ, ಉದ್ದ ಹಿಡಿಯ ಬಾಣಲೆಯಲ್ಲಿ ಉಬ್ಬಿದ ಆಮ್ಲೆಟ್ ಅವನ ಮುಂದೆ ಬರಬೇಕು. ಅದನ್ನು ತಿಂದು ಅವನು ಉಸಿರು ಬಿಡುವಷ್ಟರಲ್ಲಿ ಮಾಂಸವೋ ಕೋಳಿಯೋ ಬೆಂದಿರುತ್ತದೆ. ಆಮ್ಲೆಟ್ ಊಟವಲ್ಲ, ಊಟದ ತನಕ ಕೂರಿಸುವ ಉಪಾಯ.

ಇದನ್ನು ಓದಿದಾಗ ನನಗೆ ನೆನಪಾದದ್ದು ತೀರ್ಥಹಳ್ಳಿಯ ಕೊನೇ ಬಸ್ಸು. ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತಿ ಬರುವ ಬಸ್ಸಿಗೆ ಟೈಮು ಅನ್ನುವುದೇ ಇರುತ್ತಿರಲಿಲ್ಲ. ಮರ ಬಿದ್ದರೆ ಹತ್ತು ಗಂಟೆ, ಮಣ್ಣು ಕುಸಿದರೆ ಹನ್ನೊಂದು. ದೊಡ್ಡಪ್ಪ ಗಲ್ಲಾಪೆಟ್ಟಿಗೆ ಲೆಕ್ಕ ಮುಗಿಸಿ, ಮಾಣಿಗಳನ್ನು ಮಲಗಲು ಕಳಿಸಿ, ಒಂದು ಒಲೆಯನ್ನು ಮಾತ್ರ ಉಳಿಸಿಕೊಂಡು ಕೂರುತ್ತಿದ್ದರು. ಅದರ ಮೇಲೆ ಒಂದು ದೋಸೆಕಲ್ಲು, ಪಕ್ಕದಲ್ಲಿ ಹಿಟ್ಟು. ಬಸ್ಸಿನ ಲೈಟು ತಿರುವಿನಲ್ಲಿ ಕಂಡಿತು ಅಂದರೆ ಕಲ್ಲಿಗೆ ನೀರು ಚಿಮುಕಿಸುತ್ತಿದ್ದರು. ಚೊಂಯ್ ಅಂತ ಸದ್ದು. ಒದ್ದೆಯಾಗಿ ನಡುಗುತ್ತಾ ಇಳಿದವರಿಗೆ ಆ ಸದ್ದೇ ಅರ್ಧ ಊಟ.

ಆದರೆ ಹಿಟ್ಟು ಎಲ್ಲಿಂದ ಬರುತ್ತಿತ್ತು? ಬೆಳಗಿನ ಜಾವ ಮೂರೂವರೆಗೆ ಹಿಂದಿನ ಕೋಣೆಯಲ್ಲಿ ರುಬ್ಬುವ ಕಲ್ಲು ತಿರುಗಲು ಶುರುವಾಗುತ್ತಿತ್ತು. ರಜೆಗೆ ಹೋದಾಗ ನನಗೆ ಎಚ್ಚರವಾಗುತ್ತಿದ್ದದ್ದು ಆ ಗುರುಗುರು ಸದ್ದಿಗೆ. ಒಂದು ಕೈಯಲ್ಲಿ ಗುಂಡು, ಇನ್ನೊಂದು ಕೈಯಲ್ಲಿ ಅಕ್ಕಿ ತಳ್ಳುತ್ತಾ ಕೂತಿರುತ್ತಿದ್ದವರು ದೊಡ್ಡಮ್ಮ. ಗ್ರೈಂಡರ್ ಬಂದದ್ದು ಎಷ್ಟೋ ವರ್ಷ ಆದ ಮೇಲೆ. ಅಷ್ಟರಲ್ಲಿ ಅವರ ಬಲಗೈ ತಲೆಯ ಮಟ್ಟಕ್ಕೆ ಏರುವುದು ನಿಂತಿತ್ತು. ಬೋರ್ಡಿನಲ್ಲಿ 'ಪ್ರೊ.' ಅಂತ ಇದ್ದದ್ದು ದೊಡ್ಡಪ್ಪನ ಹೆಸರು.

ಪುಲಾರ್‌ಗಳ ವ್ಯಾಪಾರ ಹೆಚ್ಚಾಗಲು ಇನ್ನೊಂದು ಕಾರಣವೂ ಇತ್ತು. 1879ರಲ್ಲಿ ದಡದಿಂದ ಗುಡ್ಡಕ್ಕೆ ಒಂದು ಏರಿ ಕಟ್ಟಿ ಮುಗಿಸಿದರು. ಕಲ್ಲು, ಮಣ್ಣಿನ ದಾರಿ. ಇನ್ನು ಕಡಲು ಇಳಿಯಲಿ ಅಂತ ಕಾಯಬೇಕಿಲ್ಲ, ಗಾಡಿಯಲ್ಲೇ ಬರಬಹುದು. 1901ರಲ್ಲಿ ಅದರ ಮೇಲೆ ಪೊಂತೋರ್ಸೋಂನಿಂದ ಟ್ರಾಮ್ ರೈಲೂ ಬಂತು. ಊರಿಗೆ ಸುಗ್ಗಿ. ಈ ಏರಿ ಮಠದ ಅಂದ ಕೆಡಿಸುತ್ತದೆ, ಕೋಟೆಗೋಡೆಗೆ ಪೆಟ್ಟು ಅಂತ ವಿರೋಧಿಸಿದವರಲ್ಲಿ ಒಬ್ಬರು ಯಾರು ಗೊತ್ತಾ? ಕೊರ್ವಾಯೆ. ಆನೆಟ್‌ಳ ಹಳೇ ಯಜಮಾನ. ಅವರು ಯಾವುದನ್ನು ಬೇಡ ಅಂದರೋ, ಅದೇ ದಾರಿಯಲ್ಲಿ ಆಕೆಯ ಗಿರಾಕಿಗಳು ಬಂದರು. 1888ರಲ್ಲಿ ಕೊರ್ವಾಯೆಯವರ ಕೆಲಸ ಹೋಯಿತು. ಅದೇ ವರ್ಷ ಪುಲಾರ್ ದಂಪತಿ ಕೋಟೆಬಾಗಿಲ ಹತ್ತಿರ ತಮ್ಮದೇ ಹೋಟೆಲ್ ತೆರೆದರು. ಆನೆಟ್, ಕೊರ್ವಾಯೆ ಇಬ್ಬರೂ ಬೀದಿಯಲ್ಲಿ ಎದುರಾದಾಗ ಏನು ಮಾತಾಡಿಕೊಂಡಿರಬಹುದು ಅಂತ ನನಗೆ ಕುತೂಹಲ. ಬಹುಶಃ ಏನೂ ಇಲ್ಲ. ಹಳೇ ಯಜಮಾನರಿಗೆ ಒಂದು ಆಮ್ಲೆಟ್ ಹಾಕಿ ಕೂರಿಸಿರಬಹುದು, ಅಷ್ಟೇ.

ಜಾಗ ಆರಿಸಿದ್ದರಲ್ಲಿ ಹೋಟೆಲಿನವರ ಬುದ್ಧಿ ಕಾಣುತ್ತದೆ. ಊರಿನ ಒಳಬಾಗಿಲು ದಾಟಿದ ಕೂಡಲೇ ಎಡಗಡೆಗೆ ಅವರ ಅಡುಗೆಮನೆ. ಬೇರೆಯವರ ಹೋಟೆಲ್ ತಲುಪಬೇಕಾದರೆ ಇವರ ಬೆಂಕಿಯನ್ನು ದಾಟಿಯೇ ಹೋಗಬೇಕು. ಬೆಣ್ಣೆ ಕಾದ ವಾಸನೆ ದಾಟಿ ಮುಂದೆ ಹೋಗುವ ಧೈರ್ಯ ಯಾರಿಗಿದೆ? ನಮ್ಮಲ್ಲೂ ಅಷ್ಟೇ ಅಲ್ವಾ, ಬಸ್‌ಸ್ಟ್ಯಾಂಡಿಗೆ ಮೊದಲು ಸಿಗುವ ಅಂಗಡಿಗೇ ಗುಡ್‌ವಿಲ್ ಜಾಸ್ತಿ.

ಕುಟುಂಬ ಅಂದ ಮೇಲೆ ಜಗಳವೂ ಇರಬೇಕು. ವಿಕ್ಟರ್‌ನ ತಮ್ಮನೂ ಅದೇ ಬೀದಿಯಲ್ಲಿ ಹೋಟೆಲ್ ಇಟ್ಟ. ಒಂದರ ಬೋರ್ಡಿನಲ್ಲಿ ಹಿರಿಯ ಪುಲಾರ್, ಇನ್ನೊಂದರಲ್ಲಿ ಕಿರಿಯ ಪುಲಾರ್. ಮತ್ತೊಂದು ಕಡೆ ವಿಧವೆ ಪುಲಾರ್ ಅಂತಲೂ ಒಂದು ಬೋರ್ಡು. ಆ ಕಾಲದ ಪೋಸ್ಟ್‌ಕಾರ್ಡುಗಳಲ್ಲಿ ಈ ಹೆಸರುಗಳನ್ನು ನೋಡಿದರೆ ತಲೆ ತಿರುಗುತ್ತದೆ. ದಪ್ಪಕ್ಷರದಲ್ಲಿ ಪುಲಾರ್, ಪಕ್ಕದಲ್ಲಿ ನಾವೇ ಪ್ರಸಿದ್ಧರು ಅನ್ನುವ ಮಾತು. ಬಂದ ಯಾತ್ರಿಕ ಯಾವುದು ಅಸಲಿ ಅಂತ ಹೇಗೆ ಗುರುತಿಸುತ್ತಿದ್ದ? ಆಮೇಲೆ ಎಲ್ಲ ಒಂದಾದವು, 'ಕೂಡಿದ ಪುಲಾರ್ ಹೋಟೆಲುಗಳು' ಅನ್ನುವ ಹೆಸರೂ ಬಂತು.

ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ದೊಡ್ಡಪ್ಪ ಮತ್ತು ಅವರ ತಮ್ಮ ಪಾಲಾದಾಗ ಒಂದೇ ರಸ್ತೆಯಲ್ಲಿ ಎರಡು ಹೋಟೆಲ್ ಆದವು. ಎರಡಕ್ಕೂ ಒಂದೇ ದೇವರ ಹೆಸರು. ಒಂದಕ್ಕೆ 'ಹಳೇ' ಸೇರಿತು, ಇನ್ನೊಂದಕ್ಕೆ 'ಒರಿಜಿನಲ್' ಸೇರಿತು. ಎರಡು ವರ್ಷ ಅಣ್ಣ ತಮ್ಮ ಮಾತಾಡಲಿಲ್ಲ. ದೊಡ್ಡಮ್ಮ ಮತ್ತು ಚಿಕ್ಕಮ್ಮ ಮಾತ್ರ ಹಿತ್ತಲ ಬೇಲಿಯಲ್ಲಿ ಹುಳಿ ಮಜ್ಜಿಗೆ, ಕರಿಬೇವು ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಪುಲಾರ್ ಮನೆಯ ಹೆಂಗಸರ ಹಿತ್ತಲಲ್ಲಿ ಏನು ನಡೆಯುತ್ತಿತ್ತು ಅಂತ ಪೋಸ್ಟ್‌ಕಾರ್ಡಿನಲ್ಲಿ ಕಾಣುವುದಿಲ್ಲ.

ಇನ್ನೊಂದು ಮಾತು. ಆನೆಟ್ ಹೋಟೆಲ್ ನಡೆಸುವಾಗ ಬೋರ್ಡಿನಲ್ಲಿದ್ದ 'ಹಿರಿಯ ಪುಲಾರ್' ಆಕೆಯಲ್ಲ, ಗಂಡ. ಪುಲಾರ್ ಅನ್ನುವುದೇ ಗಂಡನ ಮನೆಯ ಹೆಸರು. ಈಗ ಆ ಬಂಡೆಯ ಮೇಲೆ, ಪೊಟ್ಟಣದ ಮೇಲೆ, ಎಲ್ಲ ಕಡೆ ಇರುವ ಪುಲಾರ್ ಅಂದರೆ ಆಕೆ. ನೆವೇರ್‌ನಿಂದ ಕೆಲಸಕ್ಕೆ ಬಂದ ಸೊಸೆ. 'ಕುಟುಂಬದ ಹೋಟೆಲ್' ಅಂತ ಹೇಳುವಾಗ ನಾವು ಅಪ್ಪ, ಮಗ, ಮೊಮ್ಮಗ ಅಂತ ಬೆರಳು ಮಡಚುತ್ತಾ ಹೋಗುತ್ತೇವೆ. ಹೊರಗಿನಿಂದ ಬಂದು ಒಲೆ ಹಿಡಿದವಳು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಈ ಒಂದು ಬಂಡೆಯ ಮೇಲೆ ಮಾತ್ರ ಲೆಕ್ಕ ತಲೆಕೆಳಗಾಗಿದೆ.

ಹೆಸರು ಹರಡಿತು. ಫ್ರಾನ್ಸಿನ ಪ್ರಧಾನಿಯಾಗಿದ್ದ ಕ್ಲೆಮಾನ್ಸೋ ಅಂಥವರೂ ಬಂದು ಹೋದರು. ಎಲ್ಲರಿಗೂ ಒಂದೇ ಪ್ರಶ್ನೆ: ಇಷ್ಟು ಹಗುರ ಹೇಗೆ? ಬಿಳಿ ಬೇರೆ, ಹಳದಿ ಬೇರೆ ಮಾಡಿ ಹೊಡೆಯುತ್ತಾಳೆ ಅಂದರು ಕೆಲವರು. ಕೆನೆ ಸೇರಿಸುತ್ತಾಳೆ ಅಂದರು ಇನ್ನು ಕೆಲವರು. ಪ್ಯಾರಿಸ್‌ನ ಹೋಟೆಲಿನವರೊಬ್ಬರು ನೇರವಾಗಿ ಕಾಗದ ಬರೆದು ಕೇಳಿಯೇಬಿಟ್ಟರು. ರೋಬೇರ್ ವಿಯೆಲ್ ಅಂತ ಅವರ ಹೆಸರು. 1922ರ ಜೂನ್ 6ರಂದು ಆಕೆ ಉತ್ತರ ಬರೆದಳು. ಕನ್ನಡದಲ್ಲಿ ಹೇಳುವುದಾದರೆ ಇಷ್ಟು:

'ವಿಯೆಲ್ ಅವರೇ, ಆಮ್ಲೆಟ್ ಮಾಡುವ ಬಗೆ ಇದು. ಒಳ್ಳೆ ಮೊಟ್ಟೆಗಳನ್ನು ಪಾತ್ರೆಗೆ ಒಡೆದು ಹಾಕುತ್ತೇನೆ, ಚೆನ್ನಾಗಿ ಹೊಡೆಯುತ್ತೇನೆ, ಬಾಣಲೆಗೆ ದೊಡ್ಡ ಬೆಣ್ಣೆ ಮುದ್ದೆ ಹಾಕಿ, ಮೊಟ್ಟೆ ಸುರಿದು, ಬಿಡದೆ ಆಡಿಸುತ್ತಿರುತ್ತೇನೆ. ಇದರಿಂದ ನಿಮಗೆ ಸಂತೋಷವಾದರೆ ನನಗೂ ಸಂತೋಷ.'

ಮುಗಿಯಿತು. ಅಳತೆ ಇಲ್ಲ, ಸಂಖ್ಯೆ ಇಲ್ಲ, ಗುಟ್ಟೂ ಇಲ್ಲ. ಆಕೆ ಏನೋ ಮುಚ್ಚಿಟ್ಟಳು ಅಂತ ಅಡುಗೆ ಬಗ್ಗೆ ಬರೆಯುವವರು ಇವತ್ತಿಗೂ ವಾದ ಮಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದೊಡ್ಡಮ್ಮನ ಹತ್ತಿರ ಸಾಂಬಾರಿನ ಅಳತೆ ಕೇಳಿದರೂ ಇದೇ ಉತ್ತರ. 'ಎಂತ ಗುಟ್ಟು? ಬೇಳೆ ಬೇಯಿಸುದು, ಹುಳಿ ಹಾಕುದು, ಕುದಿಸುದು.' ದಿನಕ್ಕೆ ಇನ್ನೂರು ಸಲ ಮಾಡಿದ ಕೈಗೆ ಮಾತಿನಲ್ಲಿ ಹೇಳುವಂಥದ್ದು ಏನೂ ಉಳಿದಿರುವುದಿಲ್ಲ. 'ಚೆನ್ನಾಗಿ ಹೊಡೆಯುತ್ತೇನೆ' ಅನ್ನುವ ಒಂದು ಮಾತಿನಲ್ಲಿ ಮೂವತ್ತು ವರ್ಷದ ರಟ್ಟೆ ಇದೆ.

ಕಾಗದ ಬರೆಯುವಾಗ ಆಕೆ ಹೋಟೆಲ್ ಬಿಟ್ಟು ಹದಿನಾರು ವರ್ಷ ಆಗಿತ್ತು. 1906ರಲ್ಲಿ ಗಂಡ ಹೆಂಡತಿ ಕೆಲಸ ನಿಲ್ಲಿಸಿದರು. 1931ರಲ್ಲಿ ಆಕೆ ತೀರಿಕೊಂಡಳು. ಹೋಟೆಲ್ ಬೇರೆಯವರ ಕೈಗೆ, ಅಲ್ಲಿಂದ ಮತ್ತೊಬ್ಬರ ಕೈಗೆ ಹೋಯಿತು. 1944ರ ಆಗಸ್ಟಿನಲ್ಲಿ ಜರ್ಮನ್ ಸೈನಿಕರು ಖಾಲಿ ಮಾಡಿದ ಮೇಲೆ ಯುದ್ಧದ ಸುದ್ದಿ ಬರೆಯುತ್ತಿದ್ದ ಅಮೆರಿಕದ ಲೇಖಕ ಹೆಮಿಂಗ್ವೇ ಇಲ್ಲಿ ಬಂದು ಉಳಿದಿದ್ದರು. ಈಗ ಅದು ದೊಡ್ಡ ಕಂಪನಿ. ಬಿಸ್ಕತ್ತು ಮಾಡುತ್ತಾರೆ, ಬೇರೆ ದೇಶಕ್ಕೂ ಕಳಿಸುತ್ತಾರೆ. ಕುಟುಂಬದ ಹೋಟೆಲಿನಿಂದ ಕುಟುಂಬ ಎದ್ದು ಹೋಗಿದೆ, ಹೆಸರು ಕೂತಿದೆ.

ಏರಿಯೂ ಈಗ ಇಲ್ಲ. ಅದರ ದೆಸೆಯಿಂದ ಕೊಲ್ಲಿಯಲ್ಲಿ ಹೂಳು ಹೆಚ್ಚಾಗಿ ಗುಡ್ಡ ನಿಧಾನಕ್ಕೆ ದಡಕ್ಕೇ ಸೇರಿಬಿಡುವ ಹಾಗಾಗಿತ್ತು. ಕ್ವೆನೋಂ ಹೊಳೆಗೆ ಹೊಸ ಅಣೆಕಟ್ಟು ಕಟ್ಟಿ ಹೂಳು ತಳ್ಳುವ ವ್ಯವಸ್ಥೆ ಮಾಡಿದರು. 2014ರಲ್ಲಿ ಕಂಬಗಳ ಮೇಲೆ ನಿಂತ ಸಪೂರ ಸೇತುವೆ ಬಂತು, ಹಳೇ ಏರಿಯನ್ನು ಕಿತ್ತರು. ಕೊರ್ವಾಯೆ ಹೇಳಿದ್ದು ಸರಿ ಅಂತ ಒಪ್ಪಿಕೊಳ್ಳಲು ನೂರಾ ಮೂವತ್ತು ವರ್ಷ ಬೇಕಾಯಿತು. ಈಗ ಕಾರು ನಿಲ್ಲಿಸುವುದು ಎರಡೂವರೆ ಕಿಲೋಮೀಟರ್ ದೂರದಲ್ಲಿ. ಅಲ್ಲಿಂದ ಪುಕ್ಕಟೆ ಬಸ್ಸು, ಇಲ್ಲವೇ ಕಾಲುನಡಿಗೆ.

ನಾನು ನಡೆದೇ ಹೋದೆ. ಬೆಳಗ್ಗೆ ಎಂಟೂವರೆ, ಸೆಪ್ಟೆಂಬರ್, ಮಂದ ಬಿಸಿಲು. ಕಡಲು ಎಲ್ಲೂ ಕಾಣಲಿಲ್ಲ. ಉಪ್ಪು ಹುಲ್ಲಿನಲ್ಲಿ ಕುರಿಗಳು ಮೇಯುತ್ತಿದ್ದವು. ಕೋಟೆಬಾಗಿಲ ಬಳಿ ಎರಡು ಹಳೇ ಫಿರಂಗಿಗಳಿವೆ, ನೂರು ವರ್ಷದ ಯುದ್ಧದಲ್ಲಿ ಇಂಗ್ಲಿಷರು ಬಿಟ್ಟು ಓಡಿದ್ದು. ಆ ಊರನ್ನು ಅವರು ಕೊನೆಗೂ ಗೆಲ್ಲಲಿಲ್ಲ. ಎಲ್ಲರೂ ಅದರ ಫೋಟೋ ತೆಗೆಯುತ್ತಿದ್ದರು. ನಾನು ಮುಂದೆ ಹೋದೆ.

ಮೊದಲು ಮಠ ಹತ್ತಿ ಇಳಿದು ಬಂದೆ, ಅದರ ವಿಷಯ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ವಾಪಸ್ ಬಾಗಿಲ ಹತ್ತಿರ ಬಂದಾಗ ಕಣ್ಣಿಗಿಂತ ಮೊದಲು ಕಿವಿಗೆ ಸಿಕ್ಕಿತು. ಟಕಟಕ ಟಕ್, ಟಕಟಕ ಟಕ್. ತಾಮ್ರದ ಪಾತ್ರೆಗೆ ತಂತಿಯ ಕಡೆಗೋಲು ತಾಗುವ ಸದ್ದು. ಒಬ್ಬರು ಶುರು ಮಾಡಿದ ತಾಳಕ್ಕೆ ಇನ್ನೊಬ್ಬರು ಸೇರಿಕೊಳ್ಳುತ್ತಾರೆ. ನಮ್ಮೂರ ಚೆಂಡೆಯ ಪೆಟ್ಟಿನ ಹಾಗೆ, ಆದರೆ ಪಾತ್ರೆಯದ್ದು. ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ನಿಂತು ಇಣುಕುತ್ತಿದ್ದರು. ಒಳಗೆ ದೊಡ್ಡ ಒಲೆ, ಸೌದೆ ಬೆಂಕಿ. ಬಾಣಲೆಯ ಹಿಡಿ ಎಷ್ಟು ಉದ್ದ ಅಂದರೆ, ಹಿಡಿದವರು ಬೆಂಕಿಯಿಂದ ಒಂದು ಮಾರು ದೂರ ನಿಲ್ಲಬಹುದು. ಹೊಡೆದ ಮೊಟ್ಟೆ ಪಾತ್ರೆಯ ಅಂಚಿನ ತನಕ ನೊರೆಯಾಗಿ ಎದ್ದಿತ್ತು. ಅದನ್ನು ಬಾಣಲೆಗೆ ಸುರಿದರೆ ಕೆಳಗೆ ಕೆಂಪಗೆ ಬೇಯುತ್ತದೆ, ಮೇಲೆ ನೊರೆ ಹಾಗೇ ನಿಲ್ಲುತ್ತದೆ. ಮಡಚಿದಾಗ ಅಂಚಿನಲ್ಲಿ ಸ್ವಲ್ಪ ಹೊರಗೆ ಉಕ್ಕುತ್ತದೆ.

ಹೊಡೆಯುತ್ತಿದ್ದ ಹುಡುಗಿಯೊಬ್ಬಳನ್ನು ನೋಡುತ್ತಾ ನಿಂತೆ. ಇಪ್ಪತ್ತು ಇಪ್ಪತ್ತೆರಡು ಇರಬಹುದು. ನಡುವೆ ಒಮ್ಮೆ ಪಾತ್ರೆ ಕೆಳಗಿಟ್ಟು, ಬಲ ಭುಜವನ್ನು ಎಡಗೈಯಲ್ಲಿ ಒತ್ತಿಕೊಂಡಳು. ಮತ್ತೆ ಎತ್ತಿಕೊಂಡು ತಾಳಕ್ಕೆ ಸೇರಿದಳು.

ನಾನು ತಿಂದೆನಾ? ಇಲ್ಲ. ಅದು ದುಬಾರಿ ತಿಂಡಿ ಅನ್ನುವುದು ಲೋಕಕ್ಕೇ ಗೊತ್ತು. ಆದರೆ ಕಾರಣ ಅದಲ್ಲ. ಈರುಳ್ಳಿ ಕೂಡ ಒಳಗೆ ಬಿಡದ ಹೋಟೆಲಿನ ಮನೆಯವನು ನಾನು. ಬೆಂಗಳೂರಿನಲ್ಲಿ ಕದ್ದು ಮೊಟ್ಟೆ ತಿಂದದ್ದು ಉಂಟು. ಆದರೆ ದೊಡ್ಡಪ್ಪನಿಗೆ ಫೋನ್ ಮಾಡಿ ಈ ಕತೆ ಹೇಳಬೇಕು ಅಂತ ಇದ್ದೆ. 'ತಿಂದ್ಯಾ?' ಅಂತ ಕೇಳಿದರೆ ಸುಳ್ಳು ಹೇಳಲು ಮನಸ್ಸಿರಲಿಲ್ಲ.

ಬೀದಿಯ ನಡುಮಧ್ಯದಲ್ಲಿ ಸ್ಯಾಂ ಪಿಯೆರ್ ಅಂತ ಊರಿನ ಸಣ್ಣ ಚರ್ಚ್ ಇದೆ. ಅದರ ಪಕ್ಕ ಒಂದು ಸ್ಮಶಾನ, ಬಂಡೆಯ ಮೇಲೆ ಸಿಕ್ಕಷ್ಟೇ ಜಾಗ. ಅಲ್ಲಿ ಪುಲಾರ್ ಗಂಡ ಹೆಂಡತಿಯ ಸಮಾಧಿ. ಮೇಲೆ ಕೆತ್ತಿದ್ದನ್ನು ಮೊಬೈಲಿನಲ್ಲಿ ಹಾಕಿ ಅರ್ಥ ಮಾಡಿಕೊಂಡೆ. ಅಲ್ಲೇ ಗೋಡೆಗೆ ಒರಗಿ ಫೋನ್ ಮಾಡಿದೆ. ತೀರ್ಥಹಳ್ಳಿಯಲ್ಲಿ ಆಗ ಸಂಜೆ ಐದು.

"ಎಲ್ಲಿದ್ದಿ ಮಾರಾಯ? ನಿನ್ನೆ ರಾತ್ರಿ ಊಟ ಆಯ್ತಾ?" ಹೋಟೆಲಿನವರ ಮೊದಲ ಪ್ರಶ್ನೆ ಯಾವಾಗಲೂ ಅದೇ.

ಬಿಸ್ಕತ್ತಿನ ಕತೆ ಹೇಳಿದೆ.

"ಹತ್ತು ಗಂಟೆಗೇ ಒಲೆ ಆರಿಸುದಾ!" ದೊಡ್ಡಪ್ಪನಿಗೆ ನಿಜಕ್ಕೂ ಬೇಜಾರಾಯಿತು.

ಸಮಾಧಿಯ ಮೇಲಿನದ್ದನ್ನು ಓದಿ ಹೇಳಿದೆ. 'ಇಲ್ಲಿ ವಿಕ್ಟರ್ ಮತ್ತು ಆನೆಟ್ ಪುಲಾರ್ ಮಲಗಿದ್ದಾರೆ. ಒಳ್ಳೆ ದಂಪತಿ, ಒಳ್ಳೆ ಹೋಟೆಲಿನವರು. ಅವರು ತಮ್ಮ ಅತಿಥಿಗಳನ್ನು ಹೇಗೆ ಬರಮಾಡಿಕೊಂಡರೋ, ದೇವರು ಅವರನ್ನು ಹಾಗೇ ಬರಮಾಡಿಕೊಳ್ಳಲಿ.'

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ.

"ಹೋಟೆಲಿನವರು ಅಂತ ಕಲ್ಲಿನ ಮೇಲೆ ಉಂಟಾ?"

"ಉಂಟು ದೊಡ್ಡಪ್ಪ."

"ಇಬ್ಬರ ಹೆಸರೂ ಉಂಟಾ?"

"ಇಬ್ಬರದ್ದೂ."

"ತಡಿ, ಇದನ್ನ ನಿನ್ನ ದೊಡ್ಡಮ್ಮನಿಗೆ ಹೇಳು" ಅಂತ ಫೋನ್ ಕೊಟ್ಟರು. ದೊಡ್ಡಮ್ಮನಿಗೆ ಮೊದಲಿನಿಂದ ಹೇಳಬೇಕಾಯಿತು. ಮೊಟ್ಟೆ ಅಂದಾಗ "ಇಶ್ಶೀ" ಅಂದರು. ತಾಮ್ರದ ಪಾತ್ರೆ, ಕಡೆಗೋಲು, ತಾಳ ಎಲ್ಲ ಹೇಳಿದೆ. ಕಲ್ಲಿನ ಮೇಲಿನ ಬರಹವನ್ನೂ ಹೇಳಿದೆ. ಅದರ ಬಗ್ಗೆ ಅವರು ಏನೂ ಹೇಳಲಿಲ್ಲ.

"ಎಷ್ಟು ಹೊತ್ತು ಹೊಡೀತಾರೆ ಮಗಾ ಅದನ್ನ?"

"ಜನ ಬರ್ತಾ ಇರೋ ತನಕ, ದೊಡ್ಡಮ್ಮ."

"ಕೈಯಲ್ಲೇ?"

"ಕೈಯಲ್ಲೇ."

"ಪಾಪ" ಅಂದರು ದೊಡ್ಡಮ್ಮ. "ರಟ್ಟೆ ಬಿದ್ದು ಹೋಗ್ತದೆ."